ಮುಂಬಯಿಯ ‘ಕೂಡ್’ಗಳು: ಪರವೂರಿನೊಳಗೊಂದು ಊರು

ವಲಸೆಯ ಚರಿತ್ರೆಯನ್ನು ಬರೆಯುವವರು ಹಡಗು, ರೈಲು, ಸಂಬಳಗಳ ಲೆಕ್ಕವನ್ನು ಧಾರಾಳವಾಗಿ ಕೊಡುತ್ತಾರೆ. ಮನೆ ಬಿಟ್ಟು ಹೊರಟ ಮೊದಲ ತಲೆಮಾರಿನವನ ಮನಸ್ಸನ್ನು ಕಾಯ್ದವರಾರು ಎಂದು ಕೇಳುವವರು ವಿರಳ. ಗೋವೆಯ ಕ್ರೈಸ್ತರು ಹತ್ತೊಂಬತ್ತನೆಯ ಶತಮಾನದಲ್ಲಿ ಮುಂಬಯಿಯಲ್ಲಿ ಕಟ್ಟಿಕೊಂಡ ‘ಕೂಡ್’ಗಳನ್ನು ನಾವಿಲ್ಲಿ ಸ್ಮರಿಸುವುದು ಈ ಕಾರಣಕ್ಕಾಗಿ. ಕರಾವಳಿಯ ಕೊಂಕಣಿ ಕ್ರೈಸ್ತರಾದ ನಮ್ಮ ಪೂರ್ವಜರೂ ಗೋವೆಯಿಂದಲೇ ಬಂದವರಾದುದರಿಂದ ಇದು ನಮಗೆ ಬಂಧುಗಳ ಮನೆಯ ಕಥೆ.

ಕೊಂಕಣಿಯಲ್ಲಿ ಕೂಡ್ ಎಂದರೆ ಕೋಣೆ. ಪೋರ್ಚುಗೀಸರ ಗೋವೆಯಲ್ಲಿ ಉದ್ಯೋಗ ದೊರೆಯದೆ, ಸಾಷ್ಟಿ ಬಾರ್ದೇಶಗಳ ತರುಣರು ಬ್ರಿಟಿಷರ ಮುಂಬಯಿಗೆ ಬಂದು ಹಡಗಿನ ಅಡುಗೆಯವರಾಗಿಯೂ ಬಟ್ಲರರಾಗಿಯೂ, ದರ್ಜಿಗಳಾಗಿಯೂ ವಾದ್ಯಗಾರರಾಗಿಯೂ ಸೇರಿಕೊಂಡರು. ಧೋಬಿ ತಲಾವ್, ಮಝಗಾಂವ್‌ಗಳ ಇಕ್ಕಟ್ಟಾದ ಮಾಳಿಗೆಗಳಲ್ಲಿ ಒಂದೊಂದು ಗ್ರಾಮದವರು ಒಂದೊಂದು ಕೂಡನ್ನು ಸ್ಥಾಪಿಸಿದರು. ಗೋಡೆಯುದ್ದಕ್ಕೂ ಸಾಲಾಗಿ ಟ್ರಂಕುಗಳು; ರಾತ್ರಿ ನೆಲದ ಮೇಲೆ ಹಾಸಿಗೆಗಳು; ಒಂದು ಮೂಲೆಯಲ್ಲಿ ಗ್ರಾಮದ ಪಾಲಕ ಸಂತರ ಪೀಠ. ಸಂಜೆ ಎಲ್ಲರೂ ಕೂಡಿ ಜಪಸರ ಹೇಳಬೇಕು. ಊರಿನ ಹಬ್ಬವನ್ನು ಅಲ್ಲಿಯೇ ಆಚರಿಸಬೇಕು. ಒಂದು ಪ್ರಯಾಣ ಮುಗಿಸಿ ಬಂದ ಖಲಾಸಿಯು ಮುಂದಿನ ಹಡಗು ದೊರೆಯುವವರೆಗೆ ಅಲ್ಪ ಚಂದಾ ತೆತ್ತು ಅಲ್ಲಿ ತಂಗುತ್ತಿದ್ದನು. ತಾನು ಯಾರೆಂದು ಆ ಕೋಣೆಯಲ್ಲಿ ಅವನು ಯಾರಿಗೂ ವಿವರಿಸಬೇಕಾಗಿರಲಿಲ್ಲ.

ಹೊರಗೆ ಹಾಗಿರಲಿಲ್ಲ. ಬ್ರಿಟಿಷರ ನಗರದಲ್ಲಿ ಅವನು ಪೋರ್ಚುಗೀಸ್ ದೊರೆತನದ ಪ್ರಜೆ. ಒಂದೇ ವಿಶ್ವಾಸದವರ ನಡುವೆಯೂ ಅವನು ಪರಕೀಯನೇ. ಮುಂಬಯಿಯ ಮೂಲ ಕ್ರೈಸ್ತರು 1887ರಲ್ಲಿ, ವಿಕ್ಟೋರಿಯ ರಾಣಿಯ ಸುವರ್ಣೋತ್ಸವದ ವರ್ಷ, ‘ಈಸ್ಟ್ ಇಂಡಿಯನ್’ ಎಂಬ ಹೆಸರನ್ನು ತಾಳಿದ್ದು ವಲಸೆ ಬಂದವರಿಗಿಂತ ತಾವು ಬೇರೆಯೆಂದು ತೋರಿಸುವುದಕ್ಕಾಗಿಯೇ. ಅವರನ್ನು ದೂಷಿಸಲಾರೆವು; ನೆಲದ ಮಕ್ಕಳಿಗೆ ತಮ್ಮ ಭಯಗಳಿದ್ದವು.

ಆದರೆ ಕೂಡ್ ಕೇವಲ ಆಸರೆಯಾಗಿತ್ತೆಂದರೆ ಅರ್ಧಸತ್ಯವಾದೀತು. ಊರಿನ ಜನರೊಂದಿಗೆ ಊರಿನ ಕಣ್ಣುಗಳೂ ಅಲ್ಲಿಗೆ ಬಂದಿದ್ದವು. ಮನೆಗೆ ಹಣ ಕಳುಹಿಸದವನು, ಕುಡಿತಕ್ಕೆ ಬಿದ್ದವನು, ಜಪಕ್ಕೆ ತಪ್ಪಿಸಿಕೊಂಡವನು ಹಿರಿಯರ ಮಾತು ಕೇಳಬೇಕಾಗಿತ್ತು. ಆ ಸುದ್ದಿ ಅವನಿಗಿಂತ ಮೊದಲೇ ಊರು ಸೇರುವ ಸಂಭವವಿತ್ತು. ತಂಗಿಯ ಮದುವೆ, ತಂದೆಯ ಸಾಲ, ಮನೆಗೆ ಹೆಂಚು – ಇವೆಲ್ಲ ಟ್ರಂಕಿನೊಂದಿಗೇ ಹೊತ್ತು ತಂದ ಭಾರಗಳು. ಸಂತೈಸುವ ಕೈಯೇ ಕಿವಿಯನ್ನೂ ಹಿಂಡುತ್ತಿತ್ತು. ಹಾಗಿದ್ದರೂ ಕಿವಿ ಹಿಂಡುವವರೇ ಇಲ್ಲದ ನಗರದಲ್ಲಿ ಎಷ್ಟು ಮಂದಿ ಕಳೆದುಹೋಗುತ್ತಿದ್ದರೋ ಎಂದು ನಾವು ಯೋಚಿಸದಿರಲಾರೆವು.

ಕೂಡ್‌ಗಳಲ್ಲಿ ಸ್ತ್ರೀಯರಿಗೆ ವಾಸವಿರಲಿಲ್ಲ. ದೊರೆಗಳ ಮನೆಗಳಲ್ಲಿ ಆಯಾ ಆಗಿ ದುಡಿದ ಗೋವೆಯ ಹೆಂಗಸರಿಗೂ ಊರು ನೆನಪಾಗುತ್ತಿರಲಿಲ್ಲವೆ? ಪತಿಯ ಹಡಗನ್ನು ಎದುರು ನೋಡುತ್ತ ಗ್ರಾಮದಲ್ಲಿ ಉಳಿದವಳಿಗೆ ಯಾವ ಕೂಡ್ ಇತ್ತು? ಈ ಲೋಪವನ್ನು ಚರಿತ್ರೆ ಮುಚ್ಚಿಡಬಾರದು.

ನಗುವಿಗೂ ಒಂದು ಸ್ಥಳ ಬೇಕಾಗಿತ್ತು. ಕೊಂಕಣಿಯ ‘ತಿಯಾತ್ರ್’ ನಾಟಕವು 1892ರಲ್ಲಿ ಗೋವೆಯಲ್ಲಲ್ಲ, ಮುಂಬಯಿಯಲ್ಲಿ ಹುಟ್ಟಿತು. ಜುವಾಂವ್ ಆಗುಸ್ತಿನ್ ಫೆರ್ನಾಂಡಿಸರು 1895ರಲ್ಲಿ ‘ಬೆಲ್ ಆಫ್ ಕಾವೆಲ್’ ಎಂಬ ತಿಯಾತ್ರನ್ನು ರಂಗಕ್ಕೆ ತಂದರು. ಕಾವೆಲ್ ಧೋಬಿ ತಲಾವಿನ ನೆರೆಯ ಕೇರಿ. ಹಡಗಿನಿಂದಿಳಿದವನು ತನ್ನ ಬೀದಿಯ ಹೆಸರನ್ನೇ, ತನ್ನ ತಾಯಿಯ ಭಾಷೆಯನ್ನೇ ರಂಗದ ಮೇಲೆ ಕೇಳಿದನು.