ಲಕ್ಷ್ಮೀಪುರಂ ಮತ್ತು ಸರ್ಕಾರಿ ಸಂಬಳ

ಮೈಸೂರಿನಲ್ಲಿ ನಗರಾಭಿವೃದ್ಧಿ ಟ್ರಸ್ಟ್ ಬೋರ್ಡ್ 1903ರಲ್ಲಿ ಆರಂಭವಾಯಿತು. ಪ್ಲೇಗಿನ ನಂತರ ಹಳೆಯ ಊರಿನ ಆಚೆ ಹೊಸ ಬಡಾವಣೆಗಳು ಬೆಳೆದವು; ಲಕ್ಷ್ಮೀಪುರಂ ಅಂಥದ್ದೊಂದು. ಆ ಕಾಲದ ಮೈಸೂರಿನಲ್ಲಿ ಓದಿದವರಿಗೆ ಸರ್ಕಾರಿ ನೌಕರಿ ಎಂದರೆ ತಿಂಗಳಿಗೆ ತಪ್ಪದ ಸಂಬಳ, ರಜೆ, ಕೊನೆಗೆ ಪಿಂಚಣಿ. ಮನಸ್ಸಿಗೆ ಹಿಡಿಸಿತೇ ಎಂದು ಯಾರೂ ಕೇಳುತ್ತಿರಲಿಲ್ಲ.

ಮಾಸ್ತಿ ವೆಂಕಟೇಶ ಅಯ್ಯಂಗಾರರು ಮೈಸೂರು ಸಿವಿಲ್ ಸರ್ವಿಸಿನಲ್ಲಿದ್ದುಕೊಂಡೇ ಕಥೆ ಬರೆದರು. 'ಕೆಲವು ಸಣ್ಣ ಕಥೆಗಳು' 1920ರಲ್ಲಿ ಬಂತು. ಅವರು ಹುದ್ದೆ ಬಿಟ್ಟದ್ದು 1943ರಲ್ಲಿ. ಕಚೇರಿಯ ಕಡತ, ಮನೆಯ ಹಾಳೆ, ಎರಡೂ ಸಾಗಿದವು.

ಕಾದಂಬರಿಕಾರ ಆರ್.ಕೆ. ನಾರಾಯಣ್ ಹಾಗೆ ಮಾಡಲಿಲ್ಲ. 1930ರಲ್ಲಿ ಪದವಿ ಮುಗಿಸಿ ಚನ್ನಪಟ್ಟಣದ ಶಾಲೆಗೆ ಮೇಷ್ಟರಾಗಿ ಹೋದವರು ಬೇಗನೆ ಕೆಲಸ ಬಿಟ್ಟು ಮೈಸೂರಿಗೆ ಮರಳಿದರು. ತಂದೆ ಹೆಡ್‌ಮಾಸ್ಟರ್ ಆಗಿದ್ದ ಮನೆಯಲ್ಲಿ ಇದು ಸಣ್ಣ ಮಾತಲ್ಲ. ಮೈಸೂರಿನದೇ ಯಾದವಗಿರಿ ಬಡಾವಣೆಗೆ ಹೋಗುವ ಮುಂಚೆ ಅವರು ಲಕ್ಷ್ಮೀಪುರಂನಲ್ಲಿದ್ದರು. 'ಸ್ವಾಮಿ ಅಂಡ್ ಫ್ರೆಂಡ್ಸ್' 1935ರಲ್ಲಿ ಪ್ರಕಟವಾಯಿತು.

ಸಂಬಳವೋ ಮನಸ್ಸೋ ಎಂಬ ಈ ಸಂಕಟ ಅವರ 1945ರ 'ದಿ ಇಂಗ್ಲಿಷ್ ಟೀಚರ್' ಕಾದಂಬರಿಯಲ್ಲಿ ಇನ್ನೂ ಸ್ಪಷ್ಟ. ನಾಯಕ ಕೃಷ್ಣ ತಾನು ಓದಿದ ಕಾಲೇಜಿನಲ್ಲೇ ಉಪನ್ಯಾಸಕ. ಸಂಬಳ ನೂರು ರೂಪಾಯಿ, ಕೆಲಸ ಹಗುರ, ಆಳುವ ಮೇಲಧಿಕಾರಿಯೂ ಕ್ರೂರಿಯಲ್ಲ. ಕಷ್ಟವಿಲ್ಲದ್ದೇ ಅವನ ಕಷ್ಟ ಎನ್ನಬೇಕು. ಕಂಠಪಾಠ ಮಾಡಿಸುವ ಪಾಠದಲ್ಲಿ ಅವನಿಗೇ ನಂಬಿಕೆಯಿಲ್ಲ. ಹೆಂಡತಿ ತೀರಿಕೊಂಡ ಮೇಲೆ ಅವನು ರಾಜೀನಾಮೆ ಕೊಟ್ಟು ಇಪ್ಪತ್ತೈದು ರೂಪಾಯಿಗೆ ಮಕ್ಕಳ ಶಾಲೆ ಸೇರುತ್ತಾನೆ. ಕೃಷ್ಣನಂತೆ ನಾರಾಯಣ್ ಕೂಡ ಪತ್ನಿಯನ್ನು ಕಳೆದುಕೊಂಡಿದ್ದರು; ರಾಜಮ್ 1939ರಲ್ಲಿ ತೀರಿಕೊಂಡರು.