ನಾಲ್ಕು ಮನೆಗಳ ಕೋಷ್ಟಕ: ಹುಬ್ಬಳ್ಳಿಯ ಪ್ಲೇಗಿನಿಂದ ಬೆಳಗಾವಿಯ ಹೆರಿಗೆಯವರೆಗೆ

1898ರ ಪ್ಲೇಗಿನಲ್ಲಿ ಹುಬ್ಬಳ್ಳಿಯ ಸಾವಿರಾರು ಜನ ಹಾಫ್‌ಕಿನ್ ಲಸಿಕೆ ಹಾಕಿಸಿಕೊಂಡರು. ಹಾಕಿಸಿಕೊಂಡವರೆಷ್ಟು, ಬಿಟ್ಟವರೆಷ್ಟು, ಎರಡೂ ಕಡೆ ಸತ್ತವರೆಷ್ಟು ಎಂದು ವೈದ್ಯಾಧಿಕಾರಿಗಳು ವಾರವಾರವೂ ಲೆಕ್ಕವಿಟ್ಟರು. ಅದೇ ವರ್ಷ ಬರೋಡಾ ಸಂಸ್ಥಾನದ ಉಂಧೇರಾ ಹಳ್ಳಿಯಲ್ಲಿ ಪ್ಲೇಗು ಹೊಕ್ಕ 28 ಕುಟುಂಬಗಳನ್ನು ಲಸಿಕೆ ರೂಪಿಸಿದ ಹಾಫ್‌ಕಿನ್ ಅವರೇ ಪರಿಶೀಲಿಸಿದರು. ಲಸಿಕೆ ಹಾಕಿಸಿಕೊಂಡಿದ್ದ 71 ಜನರಲ್ಲಿ ಸತ್ತವರು 3, ಹಾಕಿಸಿಕೊಳ್ಳದ 64 ಜನರಲ್ಲಿ 26. ಎರಡು ಅಡ್ಡಸಾಲು, ಎರಡು ಕಂಬಸಾಲು, ನಡುವೆ ನಾಲ್ಕು ಮನೆ. ‘ಹೌದು–ಇಲ್ಲ’ ಎಂದು ವಿಂಗಡವಾಗುವ ಎರಡು ಸಂಗತಿಗಳನ್ನು ಎದುರುಬದುರು ನಿಲ್ಲಿಸಿ ನೋಡಲು ಇಂದಿಗೂ ಬಳಕೆಯಲ್ಲಿರುವುದು ಈ ಕೋಷ್ಟಕವೇ.

ಉಂಧೇರಾದ ವ್ಯತ್ಯಾಸ ಕಣ್ಣಿಗೇ ಕಾಣುತ್ತದೆ. ಅಂತರ ಅಷ್ಟು ದೊಡ್ಡದಿಲ್ಲದಾಗ ಅದು ಬರೀ ಆಕಸ್ಮಿಕವೋ ಅಲ್ಲವೋ ಎಂದು ಹೇಳುವ ಉಪಕರಣ ಆಗಿನ್ನೂ ಸಾಮಾನ್ಯ ಬಳಕೆಗೆ ಬಂದಿರಲಿಲ್ಲ. 1900ರಲ್ಲಿ ಕಾರ್ಲ್ ಪಿಯರ್ಸನ್ ‘ಕೈ-ವರ್ಗ’ ಪರೀಕ್ಷೆ ಕೊಟ್ಟರು. ಅದೇ ವರ್ಷ ಉಡ್ನಿ ಯೂಲ್ ಎರಡು ಗುಣಗಳ ನಡುವಿನ ನಂಟನ್ನು ಅಳೆಯುವ ಬಗೆ ತೋರಿಸಿದರು.

ಆದರೆ ಸೂತ್ರದಷ್ಟೇ ಮುಖ್ಯವಾದ ಬರಹ ಬಂದದ್ದು 1915ರಲ್ಲಿ. ಮೇಜರ್ ಗ್ರೀನ್‌ವುಡ್ ಮತ್ತು ಯೂಲ್ ಟೈಫಾಯಿಡ್, ಕಾಲರಾ ಚುಚ್ಚುಮದ್ದುಗಳ ಅಂಕಿಗಳನ್ನು ಜಾಲಾಡಿ ಮೂರು ಷರತ್ತು ಹಾಕಿದರು. ಎರಡೂ ಗುಂಪಿನವರು ಮುಖ್ಯ ವಿಷಯಗಳಲ್ಲಿ ಒಂದೇ ತೆರನಾಗಿರಬೇಕು. ರೋಗ ತಗಲುವ ಸಂಭವ ಇಬ್ಬರಿಗೂ ಸಮನಾಗಿರಬೇಕು. ‘ಲಸಿಕೆ ಆಗಿದೆ’ ಎಂಬ ತೀರ್ಮಾನ ಮತ್ತು ‘ರೋಗ ಬಂದಿದೆ’ ಎಂಬ ತೀರ್ಮಾನ ಒಂದನ್ನೊಂದು ಅವಲಂಬಿಸಿರಬಾರದು. ಮೂರನೆಯದು ಬಹಳ ಸೂಕ್ಷ್ಮ. ಲಸಿಕೆ ಹಾಕಿದ್ದು ಗೊತ್ತಿರುವ ವೈದ್ಯ ಅದೇ ಜ್ವರವನ್ನು ಬೇರೆ ಹೆಸರಿನಲ್ಲಿ ಬರೆದುಕೊಂಡರೆ, ಯಾವ ಸೂತ್ರವೂ ಆ ತಪ್ಪನ್ನು ಹಿಡಿಯಲಾರದು.

ಮುಂದೆ ಲೆಕ್ಕ ಹದಗೊಂಡಿತು. ನಾಲ್ಕು ಮನೆಯ ಕೋಷ್ಟಕದಲ್ಲಿ ಸ್ವಾತಂತ್ರ್ಯದ ಮಟ್ಟ (ಸಾಲುಗಳ ಮೊತ್ತ ಗೊತ್ತಾದ ಮೇಲೂ ಸ್ವತಂತ್ರವಾಗಿ ಬದಲಾಗಬಲ್ಲ ಮನೆಗಳ ಸಂಖ್ಯೆ) ಮೂರಲ್ಲ, ಒಂದೇ ಎಂದು 1922ರಲ್ಲಿ ರೊನಾಲ್ಡ್ ಫಿಶರ್ ಸಾಧಿಸಿದರು. ಸಣ್ಣ ಅಂಕಿಗಳಿಗಾಗಿ 1934ರಲ್ಲಿ ಫ್ರಾಂಕ್ ಯೇಟ್ಸ್ ತಿದ್ದುಪಡಿ ಕೊಟ್ಟರು. ಹೂವಿನಹಡಗಲಿಯಲ್ಲಿ ಹುಟ್ಟಿದ ಸಿ.ಆರ್. ರಾವ್ 1948ರಲ್ಲಿ ರೂಪಿಸಿದ ‘ಸ್ಕೋರ್’ ಪರೀಕ್ಷೆಯ ವಿಶಾಲ ಚೌಕಟ್ಟಿನೊಳಗೆ ಪಿಯರ್ಸನ್ನರ ಕೈ-ವರ್ಗವೂ ಒಂದು ವಿಶೇಷ ಪ್ರಸಂಗವಾಗಿ ಸೇರಿಕೊಳ್ಳುತ್ತದೆ.

ಗ್ರೀನ್‌ವುಡ್–ಯೂಲ್ ಷರತ್ತುಗಳಿಗೆ ನಿಷ್ಠೆಯಿಂದ ನಡೆದುಕೊಂಡ ಅಧ್ಯಯನ ಬೇಕೆಂದರೆ ಬೆಳಗಾವಿಯಲ್ಲೇ ಇದೆ. ಪೂರ್ವಕ್ಕೆ ಸಾಂಬ್ರಾದ ಬಯಲು, ದಕ್ಷಿಣಕ್ಕೆ ಖಾನಾಪುರದ ಕಾಡು. ಇಂಥ ಜಿಲ್ಲೆಯಲ್ಲಿ ಹೆರಿಗೆಯ ನಂತರದ ರಕ್ತಸ್ರಾವವೆಂದರೆ ಆಸ್ಪತ್ರೆ ಮುಟ್ಟುವಷ್ಟರಲ್ಲಿ ಬಾಣಂತಿಯ ಜೀವ ಹೋಗಬಹುದಾದ ಆಪತ್ತು. ಅದನ್ನು ತಡೆಯುವ ಆಕ್ಸಿಟೋಸಿನ್ ಚುಚ್ಚುಮದ್ದಿಗೆ ತಂಪು ಬೇಕು, ಚುಚ್ಚಲು ಬರುವವರು ಬೇಕು. ಮಿಸೊಪ್ರೊಸ್ಟಾಲ್ ಗುಳಿಗೆಗೆ ಎರಡೂ ಬೇಡ. ಅದು ಕೆಲಸ ಮಾಡುತ್ತದೆಯೇ ಎಂದು 2002ರಿಂದ 2005ರವರೆಗೆ ಜವಾಹರಲಾಲ್ ನೆಹರೂ ವೈದ್ಯಕೀಯ ಕಾಲೇಜಿನ ಬಿ.ಎಸ್. ಕೊಡ್ಕಣಿ, ಶಿವಪ್ರಸಾದ ಗೌಡರ್ ಮತ್ತು ಅಮೆರಿಕದ ರಿಚರ್ಡ್ ಡರ್ಮನ್ ಅವರ ತಂಡ ಜಿಲ್ಲೆಯ ಹಳ್ಳಿಗಳಲ್ಲಿ ಪರೀಕ್ಷಿಸಿತು. ಒಟ್ಟು 1620 ಹೆಂಗಸರು. ಚೀಟಿ ಎತ್ತಿದಂತೆ 812 ಜನರಿಗೆ ಔಷಧ, 808 ಜನರಿಗೆ ನೋಡಲು ಅದೇ ಥರದ ಹುಸಿಗುಳಿಗೆ. ಯಾರಿಗೆ ಯಾವುದು ಸಿಕ್ಕಿತೆಂಬುದು ಹೆರಿಗೆ ಮಾಡಿಸಿದ ಎಎನ್‌ಎಂ ಸಿಸ್ಟರ್‌ಗಳಿಗೂ ಗೊತ್ತಿರಲಿಲ್ಲ.

‘ರಕ್ತಸ್ರಾವ ಆಯಿತು’ ಎಂಬ ಕಂಬಸಾಲಿಗೆ ಯಾರನ್ನು ಸೇರಿಸಬೇಕು? 500 ಮಿಲಿಲೀಟರ್ ಅಥವಾ ಹೆಚ್ಚು ಎಂಬುದು ಗೆರೆ. ಆದರೆ ಕಣ್ಣಂದಾಜನ್ನು ನಂಬುವಂತಿರಲಿಲ್ಲ. ಆದ್ದರಿಂದ ಮಗು ಹುಟ್ಟಿದ ಕೂಡಲೇ ತಾಯಿಯ ಕೆಳಗೆ ಪ್ಲಾಸ್ಟಿಕ್ ಹಾಳೆಯೊಂದನ್ನು ಹಾಸುತ್ತಿದ್ದರು. ಅದರ ತುದಿಯಲ್ಲಿ ಆಲಿಕೆಯಾಕಾರದ ಚೀಲ, ಚೀಲದ ಮೇಲೆ ಅಳತೆಯ ಗೆರೆಗಳು. ಇದೇ ಜಿಲ್ಲೆಯಲ್ಲಿ ನಡೆದ ಇನ್ನೊಂದು ಅಧ್ಯಯನದಲ್ಲಿ ಕಣ್ಣಂದಾಜು ಈ ಚೀಲದ ಅಳತೆಗಿಂತ ಶೇ. 33ರಷ್ಟು ಕಡಿಮೆ ಬಂದಿತ್ತು. ಚೀಲವಿಲ್ಲದಿದ್ದರೆ ಎಷ್ಟೋ ತಾಯಂದಿರು ತಪ್ಪು ಮನೆಯಲ್ಲಿ ಎಣಿಕೆಯಾಗುತ್ತಿದ್ದರು.

2006ರಲ್ಲಿ ‘ಲ್ಯಾನ್ಸೆಟ್’ನಲ್ಲಿ ಪ್ರಕಟವಾದ ಫಲಿತಾಂಶ: ರಕ್ತಸ್ರಾವ ಆದವರು ಹುಸಿಗುಳಿಗೆಯ ಗುಂಪಿನಲ್ಲಿ ಶೇ. 12.0, ಔಷಧದ ಗುಂಪಿನಲ್ಲಿ ಶೇ. 6.4. ಕೋಷ್ಟಕಕ್ಕೆ ಇಳಿಸಿದರೆ ಸುಮಾರು 97 ಮತ್ತು 52. ಔಷಧದಿಂದ ಏನೂ ಆಗದಿದ್ದರೆ ಅದರ ಗುಂಪಿನಲ್ಲಿ 75ರಷ್ಟು ಪ್ರಕರಣ ನಿರೀಕ್ಷಿಸಬೇಕಿತ್ತು. ಈ ಅಂಕಿಗಳಿಂದ ಬರುವ ಕೈ-ವರ್ಗದ ಬೆಲೆ 15.2, ಆಕಸ್ಮಿಕವನ್ನು ತಳ್ಳಿಹಾಕಲು ವಾಡಿಕೆಯ ಶೇ. 5ರ ಮಿತಿಗೆ 3.84 ಸಾಕು. ವಿಶ್ವ ಆರೋಗ್ಯ ಸಂಸ್ಥೆ 2011ರಲ್ಲಿ ರಕ್ತಸ್ರಾವ ತಡೆಯಲೆಂದು ಮಿಸೊಪ್ರೊಸ್ಟಾಲನ್ನು ಅಗತ್ಯ ಔಷಧಗಳ ಪಟ್ಟಿಗೆ ಸೇರಿಸಿತು.

ಲೆಕ್ಕ ಈಗ ಕ್ಷಣದ ಕೆಲಸ. 1968ರಲ್ಲಿ ಎಸ್‌ಪಿಎಸ್‌ಎಸ್ ತಂತ್ರಾಂಶ ಬಂತು, ಆಮೇಲೆ ಎಪಿ ಇನ್ಫೊ, ಆರ್. ಮೇಲಿನ ಅಂಕಿಗಳನ್ನೇ ಆರ್‌ಗೆ ಕೊಟ್ಟರೆ ಅದು 14.55 ಎನ್ನುತ್ತದೆ. ನಾಲ್ಕು ಮನೆಯ ಕೋಷ್ಟಕ ಕಂಡರೆ, ಬೇಡವೆಂದು ಹೇಳದ ಹೊರತು, ಅದು ಯೇಟ್ಸ್ ತಿದ್ದುಪಡಿ ಮಾಡಿಬಿಡುತ್ತದೆ. ಈ ವಿಷಯ ಆರ್‌ನ ಸಹಾಯಪುಟದಲ್ಲಿದೆ; ಅದನ್ನು ಓದದ ವಿದ್ಯಾರ್ಥಿಗೆ ಎರಡು ಉತ್ತರಗಳು ಒಗಟಾಗುತ್ತವೆ. ಸಹಾಯಪುಟದಲ್ಲಿ ಇಲ್ಲದ್ದು ಇನ್ನೊಂದಿದೆ: ಗೆರೆಯನ್ನು ಎಲ್ಲಿ ಎಳೆದರು, ಹೇಗೆ ಅಳೆದರು, ಅಳೆದವರಿಗೆ ಏನು ಗೊತ್ತಿತ್ತು. ಅದನ್ನು ಅಧ್ಯಯನ ಮಾಡಿದವರೇ ಬರೆದಿಡಬೇಕು. ಸಂಖ್ಯಾಶಾಸ್ತ್ರದ ತಂತ್ರಾಂಶಕ್ಕೆ ಕನ್ನಡದಲ್ಲಿ ಕೈಪಿಡಿ ಬರೆಯಹೊರಟವರು ಸೂತ್ರದ ಪಕ್ಕದಲ್ಲೇ ಈ ಮೂರು ಪ್ರಶ್ನೆಗಳಿಗೂ ಜಾಗ ಬಿಡಬೇಕು, ಮೊದಲ ಉದಾಹರಣೆಯಾಗಿ ಬೆಳಗಾವಿಯ 1620 ತಾಯಂದಿರ ಕೋಷ್ಟಕವನ್ನೇ ಕೊಡಬೇಕು.