ಮುಖಪುಟದಿಂದ ಮೊಬೈಲಿಗೆ: ಹಳದೀಪುರದ ಉಡುಗೆಯ ಕಥೆ

ಈಚೆಗೆ ಮೊಮ್ಮಗಳು ರವಿಕೆ ಹೊಲಿಸಲು ಹೊರಟಾಗ ನಾನೂ ಜೊತೆಗೂಡಿದೆ. ಆಕೆ ದರ್ಜಿಯ ಮುಂದೆ ಮೊಬೈಲು ಹಿಡಿದು, “ಇನ್‌ಸ್ಟಾಗ್ರಾಮ್‌ನಲ್ಲಿರುವ ಈ ನೆಕ್ ಡಿಸೈನೇ ಬೇಕು” ಎಂದಳು. ಆತ ಚಿತ್ರವನ್ನು ಬೆರಳಿನಿಂದ ಹಿಗ್ಗಿಸಿ ನೋಡುತ್ತಿರುವಾಗ ನನಗೆ ಅವನ ತಂದೆಯ ಅಂಗಡಿ ನೆನಪಾಯಿತು.

ಆ ಅಂಗಡಿಯ ಗೋಡೆಯಲ್ಲಿ ವಾರಪತ್ರಿಕೆಗಳ ಹಳೆಯ ಮುಖಪುಟಗಳನ್ನು ಅಂಟಿಸಿದ್ದರು. ‘ಫೆಮಿನಾ’ 1959ರಲ್ಲಿಯೇ ಆರಂಭವಾಗಿದ್ದರೂ ಅದು ಇಂಗ್ಲಿಷ್ ಬಲ್ಲ ನಗರದವರ ಪತ್ರಿಕೆ. ನಮ್ಮೂರ ಹೆಣ್ಣುಮಕ್ಕಳಿಗೆ ಉಡುಗೆಯ ಪಾಠ ಹೇಳಿದ್ದು 1965ರಲ್ಲಿ ಹುಟ್ಟಿದ ‘ಸುಧಾ’, ಆಮೇಲೆ 1983ರಲ್ಲಿ ಮಣಿಪಾಲದಿಂದ ಬಂದ ‘ತರಂಗ’. ಅವು ಫ್ಯಾಷನ್ ಪತ್ರಿಕೆಗಳಲ್ಲ. ಆದರೂ ಕಥೆ, ಧಾರಾವಾಹಿಗಳ ನಡುವಿನ ಒಂದೆರಡು ಚಿತ್ರಗಳಿಗೆ ಇದ್ದ ಅಧಿಕಾರ ಅಷ್ಟಿಷ್ಟಲ್ಲ. ಒಂದು ಪ್ರತಿ ನಾಲ್ಕು ಮನೆ ಸುತ್ತುತ್ತಿತ್ತು. ನಮ್ಮ ಮನೆಗೆ ಬರುವಷ್ಟರಲ್ಲಿ ಮುಖಪುಟವೇ ಇರುತ್ತಿರಲಿಲ್ಲ. (ಅದನ್ನು ತರಲು ಹೋಗುತ್ತಿದ್ದ ನನ್ನ ತಂಗಿಯೇ ಕಳ್ಳಿ ಎಂಬುದು ಬಹಳ ವರ್ಷಗಳ ಮೇಲೆ ತಿಳಿಯಿತು!) ಚಿತ್ರದಲ್ಲಿ ಎದುರು ಭಾಗವಷ್ಟೇ ಕಾಣುತ್ತಿದ್ದುದರಿಂದ ಹಿಂದಿನ ಭಾಗವನ್ನು ದರ್ಜಿ ಊಹೆಯಿಂದಲೇ ಹೊಲಿಯುತ್ತಿದ್ದ. ಬೆಂಗಳೂರಿನ ಫ್ಯಾಷನ್ ಊರು ಸೇರುವಾಗ ಅರ್ಧ ಹಳದೀಪುರದ್ದೇ ಆಗಿಬಿಡುತ್ತಿತ್ತು.

ಆದರೆ ಆ ಗೋಡೆಯ ಮೇಲೆ ನಮ್ಮ ಸೀಮೆಯ ಹಾಲಕ್ಕಿ ಒಕ್ಕಲಿಗ ಹೆಂಗಸರಿರಲಿಲ್ಲ. ರವಿಕೆಯಿಲ್ಲದೆ ಸೀರೆ ಬಿಗಿದು, ಕೊರಳು ತುಂಬ ಮಣಿಸರ ಧರಿಸುವ ಅವರ ಉಡುಗೆಯನ್ನು ಯಾರೂ ಫ್ಯಾಷನ್ ಎಂದು ಎಣಿಸಲಿಲ್ಲ. ನಾನೂ ಪತ್ರಿಕೆಯ ಕಣ್ಣಿನಿಂದಲೇ ನೋಡಿದವನು. ಶಾಲೆಯ ವಾರ್ಷಿಕೋತ್ಸವಕ್ಕೆ ಅಜ್ಜಿಯ ಮಣಿಸರ ಹಾಕಿಕೊಂಡು ಬಂದ ಹುಡುಗಿಯೊಬ್ಬಳಿಗೆ, “ಇದೇನು ವೇಷ? ತೆಗೆದಿಡು” ಎಂದಿದ್ದೆ. ನಿಮ್ಮಲ್ಲಿ ಕೆಲವರಿಗೆ ನೆನಪಿರಬಹುದು. ಅವಳು ಸರಗಳನ್ನು ಒಂದೊಂದಾಗಿ ತೆಗೆದು ಪಾಟಿಚೀಲದೊಳಗೆ ಇಟ್ಟಳು.

‘ವೋಗ್’ನ ಭಾರತೀಯ ಆವೃತ್ತಿ 2007ರಲ್ಲಿ ಬಂತು, ಇನ್‌ಸ್ಟಾಗ್ರಾಮ್ 2010ರಲ್ಲಿ. 2016ರಲ್ಲಿ ಜಿಯೊ ಬಂದು ಇಂಟರ್ನೆಟ್ ಅಗ್ಗವಾದ ಮೇಲೆ ಮುಂದಿನ ಸಂಚಿಕೆಗಾಗಿ ಕಾಯುವ ಪದ್ಧತಿಯೇ ಹೋಯಿತು. ಸಂಪಾದಕರು ಆರಿಸಿದ ಒಂದು ಚಿತ್ರದ ಬದಲು ಒಬ್ಬೊಬ್ಬಳಿಗೂ ಅವಳದೇ ನೂರು ಚಿತ್ರಗಳು. ಅವುಗಳಲ್ಲಿ ಹಣ ಪಡೆದು ತೊಟ್ಟದ್ದೆಷ್ಟು, ಇಷ್ಟಪಟ್ಟು ತೊಟ್ಟದ್ದೆಷ್ಟು ಎಂದು ಬೇರ್ಪಡಿಸುವುದು ನನ್ನಂಥವನಿಗೆ ಕಷ್ಟ.

2021ರ ನವೆಂಬರಿನಲ್ಲಿ ಅಂಕೋಲಾ ತಾಲೂಕಿನ ಹೊನ್ನಳ್ಳಿಯ ತುಳಸಿ ಗೌಡರು ಬರಿಗಾಲಿನಲ್ಲಿ, ತಮ್ಮ ಹಾಲಕ್ಕಿ ಉಡುಗೆಯಲ್ಲಿಯೇ ರಾಷ್ಟ್ರಪತಿಗಳಿಂದ ಪದ್ಮಶ್ರೀ ಸ್ವೀಕರಿಸಿದರು. ಆ ಚಿತ್ರ ಮೊಬೈಲಿನಿಂದ ಮೊಬೈಲಿಗೆ ದೇಶವೆಲ್ಲ ಹರಡಿತು. ನನಗೆ ಅದನ್ನು ಕಳಿಸಿದವಳು ಆ ಹುಡುಗಿಯೇ. ಕೆಳಗೆ ಇಷ್ಟೇ ಬರೆದಿದ್ದಳು: “ಮಾಸ್ತರೇ, ನೋಡಿದ್ರಾ?”

ತಪ್ಪಾಯಿತೆಂದು ಮರುತ್ತರ ಬರೆಯಲು ನನಗೆ ಎರಡು ದಿನ ಹಿಡಿಯಿತು.